ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರದ ಕಿರಿಕಿರಿಯೇ? ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಯಬೇಕು

ಐವತ್ತು ದಾಟಿದ ಎಷ್ಟೋ ಗಂಡಸರು ಯಾರಿಗೂ ಹೇಳದೆ ತಮ್ಮ ದಿನವನ್ನೆಲ್ಲ ಟಾಯ್ಲೆಟ್ಟಿನ ಸುತ್ತ ಹೊಂದಿಸಿಕೊಂಡಿರುತ್ತಾರೆ. ಬಸ್ ಹತ್ತುವ ಮುಂಚೆ ಒಂದು ಸಲ, ಇಳಿದ ಕೂಡಲೇ ಇನ್ನೊಂದು ಸಲ. ಸಿನಿಮಾಗೆ ಹೋದರೆ ಅಂಚಿನ ಸೀಟೇ ಬೇಕು. ದೂರದ ಪ್ರಯಾಣ ಅಂದರೆ ಏನಾದರೂ ನೆಪ. ರಾತ್ರಿ ಮೂರು ನಾಲ್ಕು ಸಲ ಎದ್ದು ಬೆಳಿಗ್ಗೆ ಕಣ್ಣುರಿ. ಕೇಳಿದರೆ "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಅನ್ನುತ್ತಾರೆ. ವಯಸ್ಸಿನ ಜೊತೆ ಬರುತ್ತದೆ, ಒಪ್ಪೋಣ. ಆದರೆ ಬಂದದ್ದನ್ನೆಲ್ಲ ಹಲ್ಲುಕಚ್ಚಿ ಸಹಿಸಬೇಕಾಗಿಲ್ಲ. ಈ ತೊಂದರೆಯನ್ನು ಬಹುತೇಕ ಎಲ್ಲರಲ್ಲೂ ಸಾಕಷ್ಟು ಕಡಿಮೆ ಮಾಡಬಹುದು.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. "ಪ್ರಾಸ್ಟೇಟ್ ತೊಂದರೆ" ಅನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಷ್ಟಗಳಿವೆ. ಒಬ್ಬರಿಗೆ ಧಾರೆ ಸರಿಯಾಗಿ ಬರುವುದಿಲ್ಲ. ಇನ್ನೊಬ್ಬರಿಗೆ ಧಾರೆ ಚೆನ್ನಾಗಿದೆ, ಆದರೆ ತಡೆದುಕೊಳ್ಳಲು ಆಗುವುದಿಲ್ಲ. ಮತ್ತೊಬ್ಬರಿಗೆ ಹಗಲೆಲ್ಲ ಆರಾಮ, ರಾತ್ರಿ ಮಾತ್ರ ನಿದ್ದೆ ಇಲ್ಲ. ಮೂವರಿಗೂ ಉಪಾಯ ಬೇರೆ ಬೇರೆ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ನಿಮಗೆ ಕೆಲಸ ಮಾಡದಿರುವುದು ಇದಕ್ಕೇ. ಹಾಗಾಗಿ ನಿಮ್ಮದು ಯಾವ ಬಗೆ ಅಂತ ಕಂಡುಕೊಳ್ಳುವುದೇ ಮೊದಲ ಕೆಲಸ.

ಒಳಗೆ ಏನಾಗುತ್ತಿದೆ

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಚೀಲದ ಸರಿಯಾಗಿ ಕೆಳಗೆ. ಮೂತ್ರ ಹೊರಬರುವ ನಾಳ ಇದರ ನಡುವೆಯೇ ಹಾದುಹೋಗುತ್ತದೆ. ಯೌವನದಲ್ಲಿ ಈ ಗ್ರಂಥಿಯ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಬೆಳೆಯುತ್ತಾ ಹೋಗುತ್ತದೆ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, 80 ದಾಟಿದವರಲ್ಲಿ ಬಹುತೇಕ ಎಲ್ಲರಲ್ಲೂ ಈ ಬೆಳವಣಿಗೆ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಆದರೆ ಒಬ್ಬರಲ್ಲೇ ಎರಡೂ ಇರಬಹುದು, ಅದಕ್ಕೇ ತಪಾಸಣೆ ಬೇಕು.

ಗ್ರಂಥಿ ನಾಳವನ್ನು ಒತ್ತಿದಾಗ ಮೂತ್ರಚೀಲ ಜಾಸ್ತಿ ಶಕ್ತಿ ಹಾಕಿ ಮೂತ್ರ ತಳ್ಳಬೇಕಾಗುತ್ತದೆ. ಭಾರ ಎತ್ತಿ ಎತ್ತಿ ತೋಳು ದಪ್ಪ ಆಗುವ ಹಾಗೆ ಅದರ ಗೋಡೆಯೂ ವರ್ಷಗಳಲ್ಲಿ ದಪ್ಪ ಆಗುತ್ತದೆ. ಆಮೇಲೆ ಅದು ತೀರಾ ಸೂಕ್ಷ್ಮವಾಗಿಬಿಡುತ್ತದೆ. ಅರ್ಧ ತುಂಬುವ ಮೊದಲೇ ಹಿಂಡಿಕೊಳ್ಳಲು ಶುರು ಮಾಡುತ್ತದೆ. "ಈಗಲೇ ಹೋಗಬೇಕು" ಅನ್ನುವ ಅವಸರ ಹುಟ್ಟುವುದು ಇಲ್ಲಿಂದ. ಅಂದರೆ ಬೆಳೆದದ್ದು ಪ್ರಾಸ್ಟೇಟ್, ಕಾಟ ಕೊಡುತ್ತಿರುವುದು ಎಷ್ಟೋ ಸಲ ಮೂತ್ರಚೀಲ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರೆದ ಗಾತ್ರ ನೋಡಿ ಹೆದರಬೇಡಿ. ಗಾತ್ರಕ್ಕೂ ಕಷ್ಟಕ್ಕೂ ನೇರ ಲೆಕ್ಕ ಇಲ್ಲ. 80 ಗ್ರಾಂ ಇದ್ದೂ ಆರಾಮಾಗಿರುವವರಿದ್ದಾರೆ, 30 ಗ್ರಾಂ ಇದ್ದೂ ಒದ್ದಾಡುವವರಿದ್ದಾರೆ.

ಯಾವಾಗ ಕಾಯಬಾರದು

ಮುಂದಿನ ಹೆಜ್ಜೆಗಳೆಲ್ಲ ನಿಧಾನವಾಗಿ ಮಾಡುವಂಥವು. ಆದರೆ ಹೊಟ್ಟೆಯ ಕೆಳಗೆ ಬಿಗಿದುಕೊಂಡು ನೋವು ಬಂದು, ಒಂದು ಹನಿಯೂ ಹೊರಬಾರದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಕ್ಯಾತಿಟರ್ (ಮೂತ್ರ ಹೊರತೆಗೆಯುವ ತೆಳು ಕೊಳವೆ) ಹಾಕಿದರೆ ನಿಮಿಷಗಳಲ್ಲಿ ಪ್ರಾಣ ಬಂದ ಹಾಗಾಗುತ್ತದೆ. ಚಳಿ ನಡುಕದ ಜ್ವರದ ಜೊತೆ ಮೂತ್ರ ಉರಿ ಇದ್ದರೂ ಅಂದೇ ತೋರಿಸಬೇಕು. ಮೂತ್ರದಲ್ಲಿ ರಕ್ತ ಒಂದೇ ಒಂದು ಸಲ ಕಂಡು ತಾನಾಗೇ ನಿಂತರೂ ಬಿಡಬೇಡಿ, ಅದಕ್ಕೆ ಕಾರಣ ಹುಡುಕಲೇಬೇಕು. ಸೊಂಟನೋವಿನ ಜೊತೆ ಕಾಲು ಬಲಹೀನವಾಗಿ, ತೊಡೆಯ ಸಂದಿ ಮರಗಟ್ಟಿ, ಮೂತ್ರ ಕಟ್ಟಿದರೆ ಅದು ಬೆನ್ನುಹುರಿಯ ನರಗಳ ತುರ್ತು. ಅಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಇನ್ನೊಂದು ಲಕ್ಷಣ ಮೋಸ ಮಾಡುವಂಥದ್ದು. ನೋವಿಲ್ಲ, ಅವಸರ ಇಲ್ಲ, ಆದರೆ ರಾತ್ರಿ ನಿದ್ದೆಯಲ್ಲೇ ಹಾಸಿಗೆ ಒದ್ದೆಯಾಗುತ್ತಿದೆ. ಇದು ಮೂತ್ರಚೀಲ ತುಂಬಿ ತುಳುಕುತ್ತಿರುವ ಗುರುತಾಗಿರಬಹುದು. ಹೀಗೆ ಬಹಳ ದಿನ ಇದ್ದರೆ ಸದ್ದಿಲ್ಲದೆ ಕಿಡ್ನಿಗೆ ಏಟು ಬೀಳುತ್ತದೆ. ನಾಚಿಕೆಯಿಂದ ಮುಚ್ಚಿಡುವವರೇ ಜಾಸ್ತಿ. ಮನೆಯವರು ಗಮನಿಸಿದರೆ ದಯವಿಟ್ಟು ಬೈಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಹೆಜ್ಜೆ 1: ನಿಮ್ಮ ಕಷ್ಟ ಯಾವುದು ಅಂತ ಗುರುತಿಸಿ

ಮೂರು ಗುಂಪು ಮಾಡಿಕೊಳ್ಳಿ. ಮೊದಲನೆಯದು ಹೊರಹಾಕುವ ಕಷ್ಟ: ನಿಂತು ಕಾಯಬೇಕು, ಧಾರೆ ಸಣ್ಣಗೆ, ನಡುವೆ ನಿಂತು ನಿಂತು ಬರುತ್ತದೆ, ತಿಣುಕಬೇಕು. ಎರಡನೆಯದು ಹಿಡಿದಿಡುವ ಕಷ್ಟ: ಪದೇ ಪದೇ ಹೋಗಬೇಕು, ತಡೆಯಲಾಗದ ಅವಸರ, ರಾತ್ರಿ ಏಳಬೇಕು, ಬಾಗಿಲು ತಲುಪುವಷ್ಟರಲ್ಲಿ ನಾಲ್ಕು ಹನಿ ಹೋಗಿಬಿಡುತ್ತದೆ. ಮೂರನೆಯದು ಮುಗಿದ ಮೇಲಿನ ಕಷ್ಟ: ಇನ್ನೂ ಉಳಿದಿದೆ ಅನ್ನಿಸುವುದು, ಜಿಪ್ ಹಾಕಿದ ಮೇಲೆ ಹನಿ ಬೀಳುವುದು.

ಒಬ್ಬರಿಗೇ ಮೂರೂ ಇರಬಹುದು. ಆದರೆ ಬದುಕನ್ನು ಹಿಂಡುತ್ತಿರುವುದು ಯಾವುದು ಅಂತ ಕೇಳಿಕೊಳ್ಳಿ. ಬಹಳ ಜನಕ್ಕೆ ಸಣ್ಣ ಧಾರೆ ಅಷ್ಟೇನೂ ಬೇಸರ ತರುವುದಿಲ್ಲ. ಅವಸರ ಮತ್ತು ರಾತ್ರಿಯ ಎಚ್ಚರವೇ ಅವರನ್ನು ಸುಸ್ತು ಮಾಡುವುದು.

ಡಾಕ್ಟರುಗಳು ಇದನ್ನು ಅಳೆಯಲು ಒಂದು ಪ್ರಶ್ನಪಟ್ಟಿ ಬಳಸುತ್ತಾರೆ. ಐಪಿಎಸ್ಎಸ್ ಅಂತ ಅದರ ಹೆಸರು. ಏಳು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 5 ಅಂಕ, ಒಟ್ಟು 35. 7ರವರೆಗೆ ಅಲ್ಪ, 8ರಿಂದ 19 ಮಧ್ಯಮ, 20 ಮತ್ತು ಮೇಲೆ ತೀವ್ರ. ಕೊನೆಗೆ ಎಂಟನೆಯ ಪ್ರಶ್ನೆಯೊಂದಿದೆ: ಇನ್ನುಳಿದ ಆಯುಷ್ಯ ಹೀಗೇ ಕಳೆಯಬೇಕಾದರೆ ನಿಮಗೆ ಹೇಗನ್ನಿಸುತ್ತದೆ? ಇಡೀ ಪಟ್ಟಿಯಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ. ಚಿಕಿತ್ಸೆ ಎಷ್ಟು ಬೇಕು ಅನ್ನುವುದನ್ನು ಬಹುಪಾಲು ಈ ಉತ್ತರವೇ ತೀರ್ಮಾನಿಸುತ್ತದೆ.

ಹೆಜ್ಜೆ 2: ಮೂರು ದಿನ ಬರೆದಿಡಿ

ಇದನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ, ಗೊತ್ತು. ಆದರೂ ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇಷ್ಟು ಉಪಯೋಗದ್ದು ಇನ್ನೊಂದಿಲ್ಲ. ಮಿಲಿ ಗುರುತಿರುವ ಒಂದು ಹಳೆಯ ಪ್ಲಾಸ್ಟಿಕ್ ಅಳತೆ ಮಗ್ ತೆಗೆದುಕೊಂಡು ಟಾಯ್ಲೆಟ್ಟಿನಲ್ಲೇ ಇಡಿ. ಒಂದು ಚೀಟಿ, ಒಂದು ಪೆನ್ನು. ಪ್ರತಿ ಸಲವೂ ಸಮಯ, ಎಷ್ಟು ಮಿಲಿ, ಅವಸರ ಇತ್ತೇ, ಇಷ್ಟು ಬರೆಯಿರಿ. ಕುಡಿದದ್ದನ್ನೂ ಬರೆಯಿರಿ. ಮಲಗಿದ ಸಮಯ, ಎದ್ದ ಸಮಯ ಮರೆಯಬೇಡಿ. ಮೂರು ದಿನ ಒಂದರ ಹಿಂದೆ ಒಂದು ಬರಬೇಕೆಂದಿಲ್ಲ, ಆದರೆ ಮಾಮೂಲಿ ದಿನಗಳಾಗಿರಲಿ.

ಒಂದು ಚೀಟಿ ಹೀಗಿರಬಹುದು:

ಬೆಳಿಗ್ಗೆ 6.10: 300 ಮಿಲಿ, ಅವಸರ ಇಲ್ಲ.
8.00: 110 ಮಿಲಿ, ಓಡಬೇಕಾಯ್ತು, ಕಾಫಿ ಕುಡಿದು ಅರ್ಧ ಗಂಟೆ.
8.50: 70 ಮಿಲಿ, ಅನ್ನಿಸಿರಲಿಲ್ಲ, ಹೊರಗೆ ಹೊರಡುವ ಮುಂಚೆ ಸುಮ್ನೆ ಹೋದದ್ದು.
10.15: 120 ಮಿಲಿ, ಅವಸರ.

ಈ ನಾಲ್ಕು ಸಾಲಿನಲ್ಲೇ ಎಷ್ಟು ವಿಷಯ ಇದೆ ನೋಡಿ. ಬೆಳಿಗ್ಗೆ ಏಳುವಾಗ 300 ಮಿಲಿ ಹಿಡಿದಿದೆ, ಅಂದರೆ ಚೀಲಕ್ಕೆ ಜಾಗ ಇದೆ. ಹಗಲಲ್ಲಿ 110ಕ್ಕೇ ಗಲಾಟೆ ಶುರು. ಅಲ್ಲಿ ಕಾಫಿಯದ್ದೂ ಪಾಲಿರಬಹುದು, ಸೂಕ್ಷ್ಮವಾದ ಚೀಲದ್ದೂ ಪಾಲಿರಬಹುದು. 8.50ರ ಸಾಲು ಬರೀ ಅಭ್ಯಾಸ. "ಯಾವುದಕ್ಕೂ ಇರಲಿ" ಅಂತ ಮತ್ತೆ ಮತ್ತೆ ಹೋಗುತ್ತಿದ್ದರೆ ಮೂತ್ರಚೀಲ ಸ್ವಲ್ಪಕ್ಕೇ ಕರೆಯುವುದನ್ನು ಕಲಿತುಬಿಡುತ್ತದೆ.

ಈಗ ಕೂಡಿಸಿ ನೋಡಿ. 24 ಗಂಟೆಯಲ್ಲಿ ಒಟ್ಟು 3 ಲೀಟರಿನ ಹತ್ತಿರ ಅಥವಾ ಜಾಸ್ತಿ ಬಂದಿದ್ದರೆ ಕುಡಿಯುವುದೇ ಜಾಸ್ತಿಯಾಗಿರಬಹುದು, ಇಲ್ಲವೇ ಶುಗರ್ ಏರಿರಬಹುದು. ಮೊದಲು ಅದನ್ನು ನೋಡಬೇಕು. ಆಮೇಲೆ ರಾತ್ರಿಯದನ್ನು ಬೇರೆ ಮಾಡಿ. ಮಲಗಿದ ಮೇಲೆ ಎದ್ದು ಮಾಡಿದ್ದು ಎಲ್ಲ ಸೇರಿಸಿ, ಬೆಳಿಗ್ಗೆ ಎದ್ದ ಕೂಡಲೇ ಮಾಡಿದ್ದನ್ನೂ ಅದಕ್ಕೇ ಕೂಡಿಸಿ. ಮಲಗುವ ಮುಂಚೆ ಮಾಡಿದ್ದು ಬೇಡ. ದಿನದ ಒಟ್ಟು 1,800 ಮಿಲಿ ಇದ್ದು ರಾತ್ರಿಯ ಲೆಕ್ಕ 350, 300, ಬೆಳಗಿನ 300 ಸೇರಿ 950 ಬಂತು ಅನ್ನಿ. ಅರ್ಧಕ್ಕಿಂತ ಜಾಸ್ತಿ! ವಯಸ್ಸಾದವರಲ್ಲಿ ರಾತ್ರಿಯ ಪಾಲು ಒಟ್ಟಿನ ಮೂರನೇ ಒಂದು ಭಾಗ ದಾಟಿದರೆ ದೇಹ ರಾತ್ರಿ ಹೊತ್ತಿನಲ್ಲಿ ಹೆಚ್ಚು ಮೂತ್ರ ತಯಾರಿಸುತ್ತಿದೆ ಅಂತ ಅರ್ಥ. ಇಂಥವರಿಗೆ ಬರೀ ಪ್ರಾಸ್ಟೇಟ್ ಮಾತ್ರೆ ಕೊಟ್ಟರೆ ರಾತ್ರಿಯ ಓಡಾಟ ಅಷ್ಟಾಗಿ ಕಡಿಮೆ ಆಗುವುದಿಲ್ಲ. ಕಾಲಿನ ಊತ, ಹೃದಯದ ತೊಂದರೆ, ಗೊರಕೆಯ ಜೊತೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ, ಸಂಜೆ ಮೇಲೆ ಕುಡಿಯುವ ಅಭ್ಯಾಸ, ಇವುಗಳಲ್ಲಿ ಕಾರಣ ಹುಡುಕಬೇಕು.

ಇದಕ್ಕೆ ಎದುರಾಗಿ, ರಾತ್ರಿ ನಾಲ್ಕು ಸಲ ಎದ್ದರೂ ಒಂದೊಂದು ಸಲಕ್ಕೆ 80, 100 ಮಿಲಿ ಅಷ್ಟೇ ಬರುತ್ತಿದ್ದರೆ? ಆಗ ಚೀಲ ಸರಿಯಾಗಿ ಖಾಲಿಯಾಗುತ್ತಿಲ್ಲ ಅಥವಾ ಬೇಗ ಹಿಂಡಿಕೊಳ್ಳುತ್ತಿದೆ. ಎಚ್ಚರವಾಗುವುದು ಎರಡೂ ಕಡೆ ಒಂದೇ, ದಾರಿ ಮಾತ್ರ ಬೇರೆ. ಮಗ್ಗಿನಲ್ಲಿ ಅಳೆಯದೆ ಇದು ಗೊತ್ತಾಗುವುದಿಲ್ಲ.

ಹೆಜ್ಜೆ 3: ಮನೆಯಲ್ಲೇ ಬದಲಿಸಬಹುದಾದದ್ದು

ನೀರು ಬಿಡಬೇಡಿ. ಮೂತ್ರಕ್ಕೆ ಹೆದರಿ ನೀರನ್ನೇ ಬಿಟ್ಟರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ, ಮಲಬದ್ಧತೆಯೂ ಬರುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರು ಬೇರೆ ಮಿತಿ ಹೇಳಿರದಿದ್ದರೆ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರು ಸರಿ. ಸೆಖೆಯಲ್ಲಿ ಬೆವರು ಹರಿಸಿ ದುಡಿಯುವವರಿಗೆ ಇನ್ನೂ ಬೇಕು. ಬದಲಿಸಬೇಕಾದದ್ದು ಹೊತ್ತು: ಹೆಚ್ಚಿನ ಪಾಲು ಬೆಳಿಗ್ಗೆ, ಮಧ್ಯಾಹ್ನ. ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ನಿಲ್ಲಿಸಿ. ಕಾಫಿ, ಟೀ, ಮದ್ಯ ಕಡಿಮೆ ಮಾಡಿ ಎರಡು ವಾರ ನೋಡಿ. ಎಲ್ಲರಿಗೂ ಅಷ್ಟೇ ವ್ಯತ್ಯಾಸ ಆಗುತ್ತದೆ ಅಂತ ಹೇಳಲಾಗದು, ಆಗುವವರಿಗೆ ಚೆನ್ನಾಗೇ ಗೊತ್ತಾಗುತ್ತದೆ.

ಸಂಜೆ ಹೊತ್ತಿಗೆ ಕಾಲು ಊದುತ್ತಿದೆಯೇ? ಮಧ್ಯಾಹ್ನ ಅಥವಾ ಸಂಜೆಗೆ ಮುಂಚೆ ಒಂದು ಗಂಟೆ ಕಾಲು ಎತ್ತರದಲ್ಲಿಟ್ಟು ಮಲಗಿ. ಕಾಲಿನಲ್ಲಿ ನಿಂತ ನೀರು ಆಗಲೇ ಮೂತ್ರವಾಗಿ ಹೊರಹೋಗುತ್ತದೆ. ಇಲ್ಲದಿದ್ದರೆ ರಾತ್ರಿ ಮಲಗಿದ ಮೇಲೆ ಅದೇ ನೀರು ನಿಮ್ಮನ್ನು ಎಬ್ಬಿಸುತ್ತದೆ. ಊತ ಹೊಸದಾಗಿ ಬಂದಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಸಲ ಮೇಜಿನ ಮೇಲೆ ಹರಡಿ ನೋಡಿ. ನೆಗಡಿಗೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳು ಇಲ್ಲಿ ದೊಡ್ಡ ಅಪಾಯ. ಮೂಗು ಕಟ್ಟಿದ್ದನ್ನು ಬಿಡಿಸುವ ಸ್ಯೂಡೋಎಫೆಡ್ರಿನ್, ಸೀನು ನಿಲ್ಲಿಸುವ ಕ್ಲೋರ್‌ಫೆನಿರಮೈನ್ ಇವೆಲ್ಲ ಮೂತ್ರವನ್ನು ಪೂರ್ತಿ ಕಟ್ಟಿಸಿಬಿಡಬಹುದು. ನರನೋವಿಗೆ, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಹಾಗೇ. ಬಿಪಿಗೋ ಊತಕ್ಕೋ ಮೂತ್ರ ಹೋಗಿಸುವ ಮಾತ್ರೆ ಇದ್ದರೆ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ.

ಮಲಬದ್ಧತೆ ಇದ್ದರೆ ಅದನ್ನು ಸರಿಮಾಡಿಕೊಳ್ಳಿ. ತುಂಬಿದ ಕರುಳು ಪಕ್ಕದ ಮೂತ್ರಚೀಲವನ್ನು ಒತ್ತುತ್ತದೆ.

ಇನ್ನು ಅವಸರಕ್ಕೆ. ಒತ್ತಡ ಬಂದ ಕೂಡಲೇ ಓಡುವುದೇ ಎಲ್ಲರ ಅಭ್ಯಾಸ. ಓಡಿದರೆ ಅವಸರ ಇನ್ನೂ ಏರುತ್ತದೆ. ಇದ್ದಲ್ಲೇ ನಿಲ್ಲಿ, ಸಾಧ್ಯವಾದರೆ ಕೂತುಕೊಳ್ಳಿ. ಗಾಳಿ ಹೊರಹೋಗದಂತೆ ತಡೆಯುವಾಗ ಬಿಗಿ ಮಾಡುವ ಸ್ನಾಯು ಇದೆಯಲ್ಲ, ಅದನ್ನು ಐದಾರು ಸಲ ಬೇಗ ಬೇಗ ಬಿಗಿ ಮಾಡಿ ಬಿಡಿ. ಹೊಟ್ಟೆ, ತೊಡೆ ಬಿಗಿಯಬೇಡಿ. ಉಸಿರು ನಿಧಾನವಾಗಿರಲಿ. ಮನಸ್ಸನ್ನು ಬೇರೆ ಕಡೆ ಹಾಕಿ, ನೂರರಿಂದ ಹಿಂದಕ್ಕೆ ಎಣಿಸಿ ಬೇಕಾದರೆ. ಒತ್ತಡ ಅಲೆಯಂತೆ ಏರಿ ಇಳಿಯುತ್ತದೆ. ಇಳಿದ ಮೇಲೆ ಎದ್ದು, ನಡೆದು ಹೋಗಿ. ಮೊದಲ ವಾರ ಐದು ನಿಮಿಷ ತಡೆದರೆ ಸಾಕು, ಆಮೇಲೆ ಹತ್ತು, ಹದಿನೈದು. ಗುರಿ ಎರಡೂವರೆ ಮೂರು ಗಂಟೆಗೊಮ್ಮೆ ಹೋಗುವುದು. ಫಲ ಕಾಣಲು ವಾರಗಳೇ ಬೇಕು, ಆರು ವಾರವಾದರೂ ಬಿಡದೆ ಮಾಡಿ. ಮೂತ್ರ ಪೂರ್ತಿ ಖಾಲಿಯಾಗದವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬಾರದು.

ಉಳಿದಿದೆ ಅನ್ನಿಸಿದರೆ ತಿಣುಕಬೇಡಿ. ಒಮ್ಮೆ ಮುಗಿದ ಮೇಲೆ ಅರ್ಧ ಒಂದು ನಿಮಿಷ ಸಡಿಲವಾಗಿದ್ದು ಇನ್ನೊಮ್ಮೆ ಪ್ರಯತ್ನಿಸಿ. ಕೂತು ಮಾಡಿದರೆ ಹಲವರಿಗೆ ಹೆಚ್ಚು ಖಾಲಿಯಾಗುತ್ತದೆ. ರಾತ್ರಿಯಂತೂ ಕೂತೇ ಮಾಡುವುದು ಒಳ್ಳೆಯದು, ನಿದ್ದೆಗಣ್ಣಿನಲ್ಲಿ ತಲೆ ತಿರುಗಿ ಬೀಳುವ ಭಯ ತಪ್ಪುತ್ತದೆ. ದಾರಿಯಲ್ಲಿ ಸಣ್ಣ ದೀಪ ಇರಲಿ.

ಪ್ಯಾಂಟ್ ಒದ್ದೆ ಮಾಡುವ ಕೊನೆಯ ಹನಿಗಳಿಗೆ ಸುಲಭದ ಉಪಾಯ ಇದೆ, ಯಾಕೋ ಯಾರೂ ಹೇಳಿಕೊಡುವುದಿಲ್ಲ. ಮುಗಿದ ಮೇಲೆ ವೃಷಣಚೀಲದ ಹಿಂದೆ, ಗುದದ್ವಾರಕ್ಕಿಂತ ಮುಂದೆ ಬೆರಳ ತುದಿಗಳನ್ನಿಟ್ಟು ಮೆತ್ತಗೆ ಮೇಲಕ್ಕೂ ಮುಂದಕ್ಕೂ ಒತ್ತುತ್ತಾ ಬನ್ನಿ. ನಾಳದ ಬಾಗಿನಲ್ಲಿ ನಿಂತಿದ್ದ ಮೂತ್ರ ಹೊರಬರುತ್ತದೆ. ಎರಡು ಸಲ ಮಾಡಿದರೆ ಸಾಕು.

ಹೆಜ್ಜೆ 4: ಡಾಕ್ಟರ ಹತ್ತಿರ

ಚೀಟಿ ಮತ್ತು ಮಾತ್ರೆಗಳ ಪಟ್ಟಿ ಎರಡನ್ನೂ ತೆಗೆದುಕೊಂಡು ಹೋಗಿ. ಮೂತ್ರ ಪರೀಕ್ಷೆ ಮಾಡುತ್ತಾರೆ, ಸೋಂಕು, ಶುಗರ್, ರಕ್ತ ಇದೆಯೇ ಅಂತ. ಗುದದ್ವಾರದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಮುಟ್ಟಿ ನೋಡುತ್ತಾರೆ. ಅರ್ಧ ನಿಮಿಷದ ಮುಜುಗರ ಅಷ್ಟೇ, ಗಟ್ಟಿ ಗಂಟು ಇದ್ದರೆ ಗೊತ್ತಾಗುವುದು ಅದರಿಂದ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ. ಧಾರೆಯ ವೇಗ ಅಳೆಯುವ ಪರೀಕ್ಷೆಯೂ ಇದೆ. ಸೆಕೆಂಡಿಗೆ 15 ಮಿಲಿ ಮೇಲಿದ್ದರೆ ಸಾಮಾನ್ಯವಾಗಿ ಸರಿ, 10ಕ್ಕಿಂತ ಕಡಿಮೆ ಇದ್ದರೆ ಅಡ್ಡಿ ಇರುವ ಸಾಧ್ಯತೆ ಜಾಸ್ತಿ.

ರಕ್ತದ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್) ಪರೀಕ್ಷೆ ಬಗ್ಗೆ ಒಂದೆರಡು ಮಾತು. ಇದು ಏರಿದ ಕೂಡಲೇ ಕ್ಯಾನ್ಸರ್ ಅಂತ ಅಲ್ಲ. ಪ್ರಾಸ್ಟೇಟ್ ದೊಡ್ಡದಾದರೂ ಏರುತ್ತದೆ, ಸೋಂಕು ಬಂದರೂ ಏರುತ್ತದೆ, ಮೂತ್ರ ಕಟ್ಟಿ ಕ್ಯಾತಿಟರ್ ಹಾಕಿದಾಗಲೂ ಏರುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆ ವೀರ್ಯಸ್ಖಲನ ಮತ್ತು ಹೆಚ್ಚು ಸೈಕಲ್ ಸವಾರಿ ಬೇಡ.

ಹೆಜ್ಜೆ 5: ಮಾತ್ರೆ ಯಾವುದು, ಯಾಕೆ

ಹೊರಹಾಕುವ ಕಷ್ಟಕ್ಕೆ ಮೊದಲು ಕೊಡುವುದು ಸಾಮಾನ್ಯವಾಗಿ ಟ್ಯಾಮ್ಸುಲೋಸಿನ್, ಅಲ್ಫುಜೋಸಿನ್, ಸೈಲೋಡೋಸಿನ್ ಥರದ ಮಾತ್ರೆ. ಇವು ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನದಲ್ಲಿ, ಹೆಚ್ಚೆಂದರೆ ಕೆಲವು ವಾರದಲ್ಲಿ ಗುಣ ಕಾಣುತ್ತದೆ. ಗ್ರಂಥಿಯನ್ನು ಚಿಕ್ಕದು ಮಾಡುವುದಿಲ್ಲ. ಥಟ್ಟನೆ ಎದ್ದರೆ ತಲೆ ತಿರುಗಬಹುದು, ಹಾಗಾಗಿ ಹಾಸಿಗೆ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ವೀರ್ಯ ಕಡಿಮೆ ಬರಬಹುದು ಅಥವಾ ಬರದೇ ಇರಬಹುದು. ಅದರಿಂದ ಅಪಾಯ ಇಲ್ಲ, ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ಕಣ್ಣಿನ ಪೊರೆ ಆಪರೇಶನ್ ಇದ್ದರೆ ಈ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು, ಹಿಂದೆ ತೆಗೆದುಕೊಂಡಿದ್ದರೂ ಸಹ, ಕಣ್ಣಿನ ಡಾಕ್ಟರಿಗೆ ಖಂಡಿತ ಹೇಳಿ.

ಗ್ರಂಥಿ ದೊಡ್ಡದಿದ್ದರೆ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್. ಇವು ಗಾತ್ರವನ್ನೇ ಸುಮಾರು ನಾಲ್ಕನೇ ಒಂದು ಭಾಗದಷ್ಟು ಇಳಿಸುತ್ತವೆ, ಆದರೆ ಆರು ತಿಂಗಳು ಕಾಯಬೇಕು. ಎರಡನೇ ತಿಂಗಳಲ್ಲೇ "ಏನೂ ಉಪಯೋಗ ಇಲ್ಲ" ಅಂತ ನಿಲ್ಲಿಸುವವರು ಬಹಳ. ಸ್ನಾಯು ಸಡಿಲಿಸುವ ಮಾತ್ರೆ, ಗಾತ್ರ ಇಳಿಸುವ ಮಾತ್ರೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಕಾಯಿಲೆ ಮುಂದುವರಿಯುವುದು ಹೆಚ್ಚು ತಗ್ಗುತ್ತದೆ ಅಂತ 2003ರಲ್ಲಿ ಪ್ರಕಟವಾದ ಎಂಟಿಒಪಿಎಸ್ ಅಧ್ಯಯನ ತೋರಿಸಿತು. ಗಾತ್ರ ಇಳಿಸುವ ಮಾತ್ರೆಯಿಂದ ಕೆಲವರಲ್ಲಿ ಲೈಂಗಿಕ ಆಸಕ್ತಿ, ನಿಮಿರುವಿಕೆ ಕುಗ್ಗಬಹುದು. ಹಾಗಾದರೆ ಸುಮ್ಮನೆ ನಿಲ್ಲಿಸುವ ಬದಲು ಡಾಕ್ಟರ ಹತ್ತಿರ ಮಾತಾಡಿ. ಇವು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಈ ಮಾತ್ರೆಯಲ್ಲಿದ್ದೀರಿ ಅಂತ ಹೇಳದಿದ್ದರೆ ರಿಪೋರ್ಟು ತಪ್ಪು ಸಮಾಧಾನ ಕೊಟ್ಟುಬಿಡುತ್ತದೆ. ಗರ್ಭಿಣಿಯರು ಪುಡಿಯಾದ ಅಥವಾ ಒಡೆದ ಮಾತ್ರೆ ಮುಟ್ಟಬಾರದು.

ಅವಸರವೇ ಮುಖ್ಯ ಕಷ್ಟವಾದರೆ ಮೂತ್ರಚೀಲವನ್ನು ಶಾಂತ ಮಾಡುವ ಸಾಲಿಫೆನಾಸಿನ್, ಟಾಲ್ಟೆರೊಡಿನ್ ಅಥವಾ ಮಿರಾಬೆಗ್ರಾನ್ ಸೇರಿಸುತ್ತಾರೆ. ಮೂತ್ರ ಎಷ್ಟು ಉಳಿಯುತ್ತಿದೆ ಅಂತ ನೋಡಿಯೇ ಕೊಡಬೇಕು, ಈಗಾಗಲೇ ಜಾಸ್ತಿ ಉಳಿಯುತ್ತಿದ್ದರೆ ಪೂರ್ತಿ ಕಟ್ಟಿಕೊಳ್ಳಬಹುದು. ಮೊದಲೆರಡರಲ್ಲಿ ಬಾಯಿ ಒಣಗುವುದು, ಮಲಬದ್ಧತೆ ಇದೆ. ಹೆಚ್ಚು ವಯಸ್ಸಾದವರಲ್ಲಿ ಮರೆವು, ಗೊಂದಲವೂ ಬರಬಹುದು. ಮಿರಾಬೆಗ್ರಾನ್‌ನಲ್ಲಿ ಬಿಪಿ ನೋಡಿಕೊಳ್ಳಬೇಕು. ನಿಮಿರುವಿಕೆಯ ತೊಂದರೆಯೂ ಇದ್ದರೆ ದಿನಕ್ಕೆ 5 ಮಿಗ್ರಾಂ ಟಡಲಾಫಿಲ್ ಎರಡಕ್ಕೂ ಆಗಬಹುದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು.

"ನೈಸರ್ಗಿಕ" ಅಂತ ಮಾರುವ ಸಾ ಪಾಮೆಟೊ (ಒಂದು ಬಗೆಯ ತಾಳೆ ಗಿಡದ ಹಣ್ಣಿನ ಸಾರ) ಕ್ಯಾಪ್ಸೂಲುಗಳ ಬಗ್ಗೆ ಬಹಳ ಜನ ಕೇಳುತ್ತಾರೆ. 2006 ಮತ್ತು 2011ರಲ್ಲಿ ಪ್ರಕಟವಾದ ಎರಡು ಒಳ್ಳೆಯ ಅಧ್ಯಯನಗಳಲ್ಲಿ ಅದು ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ಎರಡನೆಯದರಲ್ಲಿ ಮೂರು ಪಟ್ಟು ಕೊಟ್ಟೂ ನೋಡಿದ್ದರು. ಆ ದುಡ್ಡು ಉಳಿಸಿ ಅಂತಲೇ ನನ್ನ ಸಲಹೆ.

ಹೆಜ್ಜೆ 6: ಆಪರೇಶನ್ ಮಾತು ಬಂದರೆ

ಮೂತ್ರ ಮತ್ತೆ ಮತ್ತೆ ಕಟ್ಟುವುದು, ಪದೇ ಪದೇ ಸೋಂಕು, ಮೂತ್ರಚೀಲದಲ್ಲಿ ಕಲ್ಲು, ಕಿಡ್ನಿಗೆ ತೊಂದರೆ, ನಿಲ್ಲದ ರಕ್ತ, ಇವಿದ್ದರೆ ಮುಂದೂಡುವುದು ಸರಿಯಲ್ಲ. ಮಾತ್ರೆಯಿಂದ ಸಾಕಷ್ಟು ಗುಣ ಕಾಣದವರೂ, ಜೀವನಪೂರ್ತಿ ಮಾತ್ರೆ ಬೇಡ ಅನ್ನುವವರೂ ಆರಿಸಿಕೊಳ್ಳಬಹುದು. ಹೊಟ್ಟೆ ಕುಯ್ಯದೆ ಮೂತ್ರನಾಳದ ಮೂಲಕವೇ ಒಳಗಿನ ಬೆಳವಣಿಗೆಯನ್ನು ತೆಗೆಯುವ ಟಿಯುಆರ್‌ಪಿ ದಶಕಗಳಿಂದ ಇದೆ. ತೀರಾ ದೊಡ್ಡ ಗ್ರಂಥಿಗೆ ಹೋಲೆಪ್ ಅನ್ನುವ ಲೇಸರ್ ವಿಧಾನ ಚೆನ್ನಾಗಿ ಒಗ್ಗುತ್ತದೆ. ಗ್ರಂಥಿಯನ್ನು ಪಕ್ಕಕ್ಕೆ ಎಳೆದು ಕಟ್ಟುವ ಯೂರೋಲಿಫ್ಟ್, ಉಗಿಯಿಂದ ಅದನ್ನು ಕುಗ್ಗಿಸುವ ರೆಜೂಮ್ ಇವು ಸಣ್ಣ ಚಿಕಿತ್ಸೆಗಳು, ವೀರ್ಯಸ್ಖಲನ ಹೆಚ್ಚಾಗಿ ಉಳಿಯುತ್ತದೆ, ಆದರೆ ಮುಂದೆ ಇನ್ನೊಮ್ಮೆ ಚಿಕಿತ್ಸೆ ಬೇಕಾಗುವ ಸಾಧ್ಯತೆ ಜಾಸ್ತಿ. ಟಿಯುಆರ್‌ಪಿ, ಹೋಲೆಪ್ ಆದವರಲ್ಲಿ ಹೆಚ್ಚಿನವರಿಗೆ ವೀರ್ಯ ಹಿಂದಕ್ಕೆ ಮೂತ್ರಚೀಲಕ್ಕೆ ಹೋಗುತ್ತದೆ. ಮಕ್ಕಳು ಬೇಕು ಅನ್ನುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಸರ್ಜನ್ ಹತ್ತಿರ ಒಂದು ಪ್ರಶ್ನೆ ತಪ್ಪದೆ ಕೇಳಿ: "ನನ್ನ ಅವಸರ ಹೋಗುತ್ತದಾ, ಧಾರೆ ಮಾತ್ರ ಸರಿಯಾಗುತ್ತದಾ?" ಧಾರೆ ಬಹುತೇಕ ಎಲ್ಲರಿಗೂ ಸುಧಾರಿಸುತ್ತದೆ. ಅವಸರ ಹಲವರಿಗೆ ನಿಧಾನವಾಗಿ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿಯುತ್ತದೆ. ಆಪರೇಶನ್ ಆದ ಮೊದಲ ವಾರಗಳಲ್ಲಿ ಉರಿ, ಅವಸರ ಇನ್ನೂ ಹೆಚ್ಚಾಗಬಹುದು. ಒಂದೆರಡು ವಾರದ ಹೊತ್ತಿಗೆ ಒಳಗಿನ ಗಾಯದ ಹಕ್ಕಳೆ ಉದುರುವಾಗ ಸ್ವಲ್ಪ ರಕ್ತ ಕಾಣಬಹುದು. ನೀರು ಕುಡಿದು ವಿಶ್ರಾಂತಿ ತೆಗೆದುಕೊಂಡರೆ ತಿಳಿಯಾಗುತ್ತದೆ. ಗಡ್ಡೆಗಡ್ಡೆಯಾಗಿ ಬಂದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ ತಕ್ಷಣ ವಾಪಸ್ ಹೋಗಿ. ಇನ್ನೊಂದು ವಿಷಯ. ಈ ಚಿಕಿತ್ಸೆಗಳಲ್ಲಿ ತೆಗೆಯುವುದು ಪ್ರಾಸ್ಟೇಟ್‌ನ ಒಳಭಾಗವನ್ನು ಮಾತ್ರ. ಹೊರಗಿನ ಭಾಗ ಹಾಗೇ ಇರುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಆದ್ದರಿಂದ ಪಿಎಸ್‌ಎ ತಪಾಸಣೆ ಮುಂದುವರಿಸಬೇಕೇ, ಎಷ್ಟು ದಿನಕ್ಕೊಮ್ಮೆ ಅಂತ ಡಿಸ್ಚಾರ್ಜ್ ಆಗುವಾಗಲೇ ಕೇಳಿಕೊಂಡು ಬನ್ನಿ.